ಕಂಡರೂ ನೋಡದೆ ಉಳಿದ ಗಾಯ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಊಟವಾದ ಮೇಲೆ ಕವಳ ಹಾಕುವ ರೂಢಿ ಇನ್ನೂ ಉಳಿದಿದೆ. ವೀಳ್ಯದೆಲೆಯನ್ನು ಸೆರಗಿನಲ್ಲಿ ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರು ಸುಲಿದು, ಸುಣ್ಣ ಸವರಿ ಮಡಿಸುವ ಅವಳ ಬೆರಳುಗಳನ್ನು ನೋಡುತ್ತಲೇ ನಾನು ಬೆಳೆದವಳು. ಎಲೆಯ ತೊಟ್ಟು, ಅಡಿಕೆಯ ತೊಟ್ಟು, ಬದನೆಕಾಯಿಯ ತೊಟ್ಟು ಎಂದು ದಿನಕ್ಕೆ ಹತ್ತು ಸಲವಾದರೂ ಅವಳ ಬಾಯಲ್ಲಿ ಬರುವ ಆ ಪದ, ತನ್ನ ಮೈಯ ತೊಟ್ಟಿನ ವಿಷಯ ಬಂದಾಗ ಒಂಬತ್ತು ತಿಂಗಳ ಕಾಲ ಹೊರಗೆ ಬರಲೇ ಇಲ್ಲ. ಅವಳು ಹೇಳಿದ್ದು "ಎದೆ ಹತ್ರ ತುರಿಕೆ" ಎಂದು. ಔಷಧಿ ಅಂಗಡಿಯವನಿಗೆ ಹಾಗೆ ಹೇಳಿದಳು, ಪೇಟೆಯ ವೈದ್ಯರಿಗೆ ಹಾಗೆ ಹೇಳಿದಳು, ಫೋನಿನಲ್ಲಿ ನನಗೂ ಹಾಗೆಯೇ ಹೇಳಿದಳು. ನಾವೆಲ್ಲರೂ ಆ ಮಾತನ್ನು ಕೇಳಿಸಿಕೊಂಡೆವು. ಎಲ್ಲಿ, ಯಾವ ಭಾಗದಲ್ಲಿ, ಒಂದೇ ಕಡೆಯೋ ಎರಡೂ ಕಡೆಯೋ ಎಂದು ಒಬ್ಬರೂ ಕೇಳಲಿಲ್ಲ.

ಆ ತುರಿಕೆಯ ಹೆಸರು ಸ್ತನದ ಪ್ಯಾಜೆಟ್ ಕಾಯಿಲೆ. ಮೊಲೆತೊಟ್ಟಿನ ಚರ್ಮದಲ್ಲಿ ಕಾಣಿಸಿಕೊಳ್ಳುವ, ಅಪರೂಪದ ಒಂದು ಬಗೆಯ ಸ್ತನ ಕ್ಯಾನ್ಸರ್ ಅದು. ಎಲ್ಲ ಸ್ತನ ಕ್ಯಾನ್ಸರುಗಳನ್ನು ಲೆಕ್ಕಕ್ಕೆ ಹಿಡಿದರೆ ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ ಈ ಬಗೆಯವು. ಹೆಚ್ಚಾಗಿ ಐವತ್ತು ದಾಟಿದ ಹೆಂಗಸರಲ್ಲಿ ಕಾಣುತ್ತದೆಯಾದರೂ ಚಿಕ್ಕ ವಯಸ್ಸಿನವರಿಗೂ, ಅಪರೂಪಕ್ಕೆ ಗಂಡಸರಿಗೂ ಬರುತ್ತದೆ. ನಮ್ಮ ದೊಡ್ಡಮ್ಮನಿಗೆ ಆಗ ಐವತ್ತೊಂಬತ್ತು ವರ್ಷ. ಈ ವಿಷಯ ಬರೆಯಲೇ ಎಂದು ನಾನು ಕೇಳಿದಾಗ ಅವಳು ಬಹಳ ಹೊತ್ತು ಯೋಚಿಸಿ, "ಹೆಸ್ರು ಹಾಕ್ಬೇಡ, ಉಳಿದಿದ್ದೆಲ್ಲ ಬರಿ, ಒಂದೂ ಬಿಡ್ಬೇಡ" ಎಂದಳು. ಆ ಮಾತಿಗೆ ಕಟ್ಟುಬಿದ್ದು ಇದನ್ನು ಬರೆಯುತ್ತಿದ್ದೇನೆ.

ಅದು ಶುರುವಾದದ್ದು ದೀಪಾವಳಿ ಕಳೆದು ಕೊನೆಕೊಯ್ಲು ಹತ್ತಿರ ಬಂದಾಗ. ಅಡಿಕೆ ಸುಲಿಯುವ ದಿನಗಳಲ್ಲಿ ಮನೆಯವರೆಲ್ಲರ ಕೈಗೂ ಬಟ್ಟೆಗೂ ಚೊಗರು ಹತ್ತುವುದು, ಮೈ ತುರಿಸುವುದು ಮಲೆನಾಡಿನ ಮನೆಗಳಲ್ಲಿ ಮಾಮೂಲು. ದೊಡ್ಡಮ್ಮನೂ ಚೊಗರಿನದೇ ಕಾರುಬಾರು ಎಂದುಕೊಂಡಳು. ಕೊಯ್ಲು ಮುಗಿದ ಮೇಲೂ ತುರಿಕೆ ನಿಲ್ಲದಿದ್ದಾಗ ಬಟ್ಟೆ ಸೋಪನ್ನು ಬದಲಾಯಿಸಿದಳು, ಹೊಸ ರವಿಕೆಗಳನ್ನು ಬಿಟ್ಟು ಹಳೆಯ ಹತ್ತಿ ರವಿಕೆಗಳನ್ನು ತೊಟ್ಟಳು, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದಳು, ಕಹಿಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆದಳು. ತೊಟ್ಟಿನ ಮೇಲೆ ತೆಳುವಾದ ಹೊಟ್ಟು ಏಳುತ್ತಿತ್ತು, ಉದುರುತ್ತಿತ್ತು, ಒಂದೆರಡು ದಿನ ಚೆನ್ನಾಗಿದೆ ಎನ್ನಿಸುತ್ತಿತ್ತು, ಮತ್ತೆ ಏಳುತ್ತಿತ್ತು. ಇವನ್ನೆಲ್ಲ ಅವಳು ನನಗೆ ಹೇಳಿದ್ದು ಶಸ್ತ್ರಚಿಕಿತ್ಸೆಯ ನಂತರ, ಆಸ್ಪತ್ರೆಯ ಹಾಸಿಗೆಯ ಮೇಲೆ, ನರ್ಸು ಆ ಕಡೆ ಹೋದ ಮೇಲೆ ದನಿ ತಗ್ಗಿಸಿ.

ಮಾಘದ ಹೊತ್ತಿಗೆ ಔಷಧಿ ಅಂಗಡಿಯಿಂದ ಒಂದು ಮುಲಾಮು ಬಂತು. ಮುಂದೆ ಪೇಟೆಯ ವೈದ್ಯರೊಬ್ಬರು ಅದಕ್ಕೆ "ಇಸುಬು" ಎಂದು ಹೆಸರು ಕೊಟ್ಟು ಇನ್ನೊಂದು ಮುಲಾಮು ಬರೆದುಕೊಟ್ಟರು. ಅವರು ರವಿಕೆ ಬಿಚ್ಚಲು ಹೇಳಲಿಲ್ಲ. ಇವಳು ತಾನಾಗಿ ಬಿಚ್ಚುವವಳೂ ಅಲ್ಲ. ಎರಡು ಮುಲಾಮುಗಳಲ್ಲೂ ಸ್ಟೀರಾಯ್ಡ್ ಇತ್ತು ಎಂದು ಆಮೇಲೆ ಟ್ಯೂಬುಗಳನ್ನು ಓದಿದಾಗ ತಿಳಿಯಿತು. ಸ್ಟೀರಾಯ್ಡ್, ಫಂಗಸ್ಸಿನ ಔಷಧಿ, ಆ್ಯಂಟಿಬಯಾಟಿಕ್ ಮೂರನ್ನೂ ಸೇರಿಸಿದ ಮುಲಾಮುಗಳು ನಮ್ಮ ಊರುಗಳಲ್ಲಿ ಎಲ್ಲ ಬಗೆಯ ತುರಿಕೆಗೂ ಮದ್ದಾಗಿಬಿಟ್ಟಿವೆ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿದರೂ, ಅಂಗಡಿಯ ಕಟ್ಟೆಯ ಮುಂದೆ ನಿಂತು ಕೇಳುವವರಿಗೆ ಚೀಟಿ ಕೇಳುವುದು ಕಡಿಮೆ. ಈ ಕಾಯಿಲೆಯ ಮಟ್ಟಿಗೆ ಆ ಮುಲಾಮು ಮಾಡುವ ಹಾನಿ ವಿಚಿತ್ರವಾದದ್ದು. ಅದು ಗಾಯವನ್ನು ಹೆಚ್ಚಿಸುವುದಿಲ್ಲ. ಮೇಲ್ಮೈಯ ಉರಿಯೂತವನ್ನು ತಗ್ಗಿಸಿ, ಕೆಂಪನ್ನು ಮಂಕು ಮಾಡಿ, ವಾಸಿಯಾಗುತ್ತಿದೆ ಎಂಬ ಭರವಸೆ ಕೊಡುತ್ತದೆ. ದೊಡ್ಡಮ್ಮನಿಗೆ ಹದಿನೈದು ದಿನ ಹಾಗೆಯೇ ಆಯಿತು. ಆ ಹದಿನೈದು ದಿನಗಳ ಸಮಾಧಾನವೇ ಅವಳನ್ನು ಮುಂದಿನ ನಾಲ್ಕು ತಿಂಗಳು ಸುಮ್ಮನಿರಿಸಿತು. ಚರ್ಮದ ಕೆಳಗಿದ್ದದ್ದು ತನ್ನ ಪಾಡಿಗೆ ತಾನು ಇತ್ತು.

ನಡುವೆ ಊರಿಗೆ ಆರೋಗ್ಯ ತಪಾಸಣೆಯ ಶಿಬಿರವೂ ಬಂದಿತ್ತು. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಮಾಡಬೇಕೆಂಬುದು ಸರ್ಕಾರದ ಕಾರ್ಯಕ್ರಮ. ನಾನು ಅದನ್ನು ಮನಸಾರೆ ಮೆಚ್ಚುವವಳು. ಆದರೆ ಅಂದು ಶಾಲೆಯ ಕೋಣೆಯೊಂದರಲ್ಲಿ, ಹೊರಗೆ ಐವತ್ತು ಮಂದಿ ಸಾಲು ನಿಂತಿರುವಾಗ, ದೊಡ್ಡಮ್ಮನಿಗೆ ಎದುರಾದದ್ದು ಒಂದೇ ಪ್ರಶ್ನೆ: "ಎದೇಲಿ ಗಂಟು ಏನಾದ್ರೂ ಇದ್ಯಾ ಅಮ್ಮ?" ಅವಳು ಇಲ್ಲ ಎಂದಳು. ಅದು ನಿಜವೇ ಆಗಿತ್ತು. ಅವಳಿಗೆ ಗಂಟು ಇರಲಿಲ್ಲ. ಪ್ಯಾಜೆಟ್ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೈಗೆ ಸಿಗುವ ಗಂಟು ಇರುವುದಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲೂ, ಆಶಾ ಕಾರ್ಯಕರ್ತೆಯ ಮಾತಿನಲ್ಲೂ, ರೇಡಿಯೋದ ಪ್ರಕಟಣೆಯಲ್ಲೂ ಗಂಟು, ಗಂಟು ಎಂದೇ ಕೇಳಿ ಬೆಳೆದ ನಮಗೆ ಗಂಟಿಲ್ಲದ ಮೇಲೆ ಕ್ಯಾನ್ಸರಿಲ್ಲ ಎಂಬ ನಂಬಿಕೆ ಯಾರೂ ಕಲಿಸದೆಯೇ ಬಂದುಬಿಟ್ಟಿದೆ. ಆ ಪ್ರಶ್ನೆ ಕೇಳಿದ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳಿಗೆ ಕೇಳಲು ಕಲಿಸಿದ್ದು ಅದೊಂದನ್ನೇ.

ಶ್ರಾವಣದಲ್ಲಿ ನಾನು ಊರಿಗೆ ಹೋದಾಗ ಜಡಿಮಳೆ. ಒಗೆದ ಬಟ್ಟೆಗಳನ್ನು ಬಚ್ಚಲುಮನೆಯ ಒಲೆಯ ಮೇಲಿನ ಗಳುವಿಗೆ ಹಾಕುತ್ತಿದ್ದಾಗ ಅವಳ ರವಿಕೆಯ ಒಳಮೈಯಲ್ಲಿ, ಎಡಗಡೆಗೆ ಮಾತ್ರ, ನಾಣ್ಯದಗಲದ ಹಳದಿ ಕಲೆಯೊಂದು ಕಂಡಿತು. ನಡುವೆ ಕಂದು ಚುಕ್ಕಿ. ತೊಳೆದರೂ ಹೋಗದ ರಕ್ತದ ಬಣ್ಣ ಯಾವ ಹೆಂಗಸಿಗೂ ಗುರುತು ಸಿಗುತ್ತದೆ. ಉಳಿದ ಮೂರು ರವಿಕೆಗಳನ್ನು ತಿರುವಿ ನೋಡಿದೆ. ಮೂರರಲ್ಲೂ ಅದೇ ಜಾಗದಲ್ಲಿ ಅದೇ ಕಲೆ. "ಎಂಥದೂ ಇಲ್ಲ ಮಾರಾಯ್ತಿ, ಆ ತುರಿಕೇದೇ" ಎಂದು ಅವಳು ತಳ್ಳಿಹಾಕಿದಳು. ನಾನು ಬಿಡದೆ ಬಾಗಿಲು ಹಾಕಿ ಕೂತೆ. ಕೊನೆಗೆ ಹಂಡೆಯ ಪಕ್ಕದಲ್ಲಿ, ಬೆಂಕಿಯ ಬೆಳಕಿನಲ್ಲಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅವಳು ತೋರಿಸಿದಳು. ಬಲಗಡೆಯದು ಸಹಜವಾಗಿತ್ತು. ಎಡಗಡೆಯಲ್ಲಿ ತೊಟ್ಟೆಂಬುದೇ ಹೆಚ್ಚು ಕಡಿಮೆ ಇರಲಿಲ್ಲ. ಅದು ಚಪ್ಪಟೆಯಾಗಿ ಒಳಗೆ ಇಳಿದಿತ್ತು, ಮೇಲಿನ ಚರ್ಮ ಸುಲಿದ ಹಾಗೆ ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಆ ಕೆಂಪು ಸುತ್ತಲಿನ ಕಪ್ಪು ವೃತ್ತದ ಮುಕ್ಕಾಲು ಭಾಗವನ್ನು ತಿಂದಿತ್ತು, ಅಂಚು ಮಾತ್ರ ಗೆರೆ ಕೊರೆದಷ್ಟು ಸ್ಪಷ್ಟವಾಗಿತ್ತು. ನನಗೆ ಮಾತು ಹೊರಡಲಿಲ್ಲ. ಎರಡು ಮಕ್ಕಳಿಗೆ ಹಾಲೂಡಿಸಿದ ಜಾಗ. ಅಮ್ಮನಿಗೆ ಬಾಣಂತಿಸನ್ನಿಯಾಗಿದ್ದಾಗ ನನಗೂ ಅಲ್ಲಿಂದಲೇ ಹಾಲು ಸಿಕ್ಕಿತ್ತಂತೆ.

ನಮ್ಮ ಭಾಷೆಯ ಒಂದು ವಿಷಯ ನನ್ನನ್ನು ಅಂದಿನಿಂದ ಕಾಡುತ್ತಿದೆ. ಹಳ್ಳಿಯ ಹೆಂಗಸರಿಗೆ ಮೊಲೆ ಎಂಬ ಪದದಲ್ಲಿ ಯಾವ ನಾಚಿಕೆಯೂ ಇಲ್ಲ, ಮಗು ಮಡಿಲಲ್ಲಿರುವ ತನಕ. "ಕೂಸು ಅಳ್ತಿದೆ, ಮೊಲೆ ಕೊಡೇ" ಎಂದು ತುಂಬಿದ ಜಗಲಿಯಲ್ಲೂ ಕೂಗಿ ಹೇಳುತ್ತಾರೆ. ತೊಟ್ಟು ಬಿರಿದರೆ ಬೆಣ್ಣೆ ಹಚ್ಚು, ಹಾಲು ಕಟ್ಟಿದರೆ ಬಿಸಿ ಬಟ್ಟೆ ಇಡು ಎಂದು ಅತ್ತೆ ಸೊಸೆಗೆ ಹೇಳುತ್ತಾಳೆ. ಮಗು ಹಾಲು ಬಿಟ್ಟ ದಿನದಿಂದ ಆ ಮಾತುಗಳೆಲ್ಲ ಮುಚ್ಚಿಹೋಗುತ್ತವೆ. ಮುಂದೆ ಮೂವತ್ತು ನಲವತ್ತು ವರ್ಷ ಆ ಅಂಗ "ಎದೆ" ಎಂಬ ಒಂದೇ ಪದದಲ್ಲಿ ಅಡಗಿಕೊಳ್ಳುತ್ತದೆ. ಹೃದಯ ನೋವಾದರೂ ಎದೆ, ಕಫ ಕಟ್ಟಿದರೂ ಎದೆ, ತೊಟ್ಟಿನಲ್ಲಿ ಹುಣ್ಣಾದರೂ ಎದೆ. ಈ ಕಾಯಿಲೆ ಬರುವುದು ಬಹುಪಾಲು ಆ ಮೌನದ ವರ್ಷಗಳಲ್ಲೇ.

ಊರಿನಿಂದ ಎರಡು ಗಂಟೆಯ ದಾರಿಯಲ್ಲಿರುವ ಚರ್ಮರೋಗದ ವೈದ್ಯೆಯ ಬಳಿ ಮರುದಿನವೇ ಹೋದೆವು. ಅವರು ಮಾತಾಡುವ ಮೊದಲು ಪರದೆ ಎಳೆದು, ದೀಪ ಹತ್ತಿರ ತಂದು, ಎರಡೂ ಕಡೆ ನೋಡಿದರು. ಕಂಕುಳನ್ನು ಒತ್ತಿ ನೋಡಿದರು. ತುರಿಕೆ ಮೊದಲು ಎಲ್ಲಿ ಶುರುವಾಯಿತು, ತೊಟ್ಟಿನ ಮೇಲೋ ಸುತ್ತಲಿನ ಕಪ್ಪಿನ ಮೇಲೋ ಎಂದು ಕೇಳಿದರು. ತೊಟ್ಟಿನ ತುದಿಯಲ್ಲೇ ಎಂದು ದೊಡ್ಡಮ್ಮ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ಆ ಪ್ರಶ್ನೆಯ ಹಿಂದೆ ಎಷ್ಟು ತಿಳಿವಳಿಕೆ ಇತ್ತು ಎಂಬುದು ನನಗೆ ಆಮೇಲೆ ಅರ್ಥವಾಯಿತು. ಸಾಮಾನ್ಯವಾದ ಇಸುಬು ಹೆಚ್ಚಾಗಿ ಎರಡೂ ಕಡೆ ಬರುತ್ತದೆ, ಸುತ್ತಲಿನ ಕಪ್ಪಿನಲ್ಲಿ ಶುರುವಾಗುತ್ತದೆ, ಎಷ್ಟೋ ಸಲ ತೊಟ್ಟನ್ನು ಮುಟ್ಟದೆ ಬಿಡುತ್ತದೆ, ಸರಿಯಾದ ಔಷಧಿಗೆ ಎರಡು ಮೂರು ವಾರಗಳಲ್ಲಿ ಬಗ್ಗುತ್ತದೆ. ಪ್ಯಾಜೆಟ್ ಕಾಯಿಲೆ ಸಾಮಾನ್ಯವಾಗಿ ಒಂದೇ ಕಡೆಯದು, ತೊಟ್ಟಿನಲ್ಲಿ ಹುಟ್ಟಿ ಹೊರಕ್ಕೆ ಹರಡುವುದು, ತಿಂಗಳುಗಟ್ಟಲೆ ಉಳಿಯುವುದು, ಹೋದಂತೆ ಮಾಡಿ ಮತ್ತೆ ಬರುವುದು. ಈ ಲಕ್ಷಣಗಳು ಅನುಮಾನವನ್ನು ಹುಟ್ಟಿಸುತ್ತವೆ, ಅಷ್ಟೇ. ತೀರ್ಮಾನ ಹೇಳುವುದು ಚರ್ಮದ ಒಂದು ಚೂರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಪೆನ್ನಿನಂಥ ಸಣ್ಣ ಉಪಕರಣದಿಂದ ನಾಲ್ಕು ಮಿಲಿಮೀಟರ್ ಅಗಲದ ಚರ್ಮವನ್ನು ತೆಗೆದು, ಒಂದು ಹೊಲಿಗೆ ಹಾಕಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂಬತ್ತು ತಿಂಗಳು ಒಂದು ಕಡೆ, ಹತ್ತು ನಿಮಿಷ ಒಂದು ಕಡೆ. ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ತಲೆಯಲ್ಲಿ ಇದ್ದದ್ದು ಈ ಲೆಕ್ಕವೊಂದೇ, ಮತ್ತು ನಾನು ಫೋನಿನಲ್ಲಿ "ಯಾವುದಾದ್ರೂ ಕ್ರೀಮು ಹಚ್ಚು ದೊಡ್ಡಮ್ಮ" ಎಂದು ಹೇಳಿದ್ದ ನನ್ನದೇ ದನಿ.

ಕಾಯಿಲೆಗೆ ಹೆಸರು ಕೊಟ್ಟ ಸರ್ ಜೇಮ್ಸ್ ಪ್ಯಾಜೆಟ್ ಅವರ ಬಗ್ಗೆ ಆ ವಾರ, ವರದಿಗಾಗಿ ಕಾಯುತ್ತ, ಸಿಕ್ಕಿದ್ದನ್ನೆಲ್ಲ ಓದಿದೆ. ಅವರು 1814ರಲ್ಲಿ ಇಂಗ್ಲೆಂಡಿನ ಕಡಲತೀರದ ಗ್ರೇಟ್ ಯಾರ್ಮತ್ ಊರಿನಲ್ಲಿ ಹುಟ್ಟಿದವರು, ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಕಲಿತು ಅಲ್ಲಿಯೇ ಸರ್ಜನ್ ಆದವರು. 1835ರಲ್ಲಿ, ಇನ್ನೂ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗ, ಶವವೊಂದನ್ನು ಕೊಯ್ಯುವಾಗ ಸ್ನಾಯುಗಳ ತುಂಬ ಮರಳಿನಂಥ ಬಿಳಿಯ ಚುಕ್ಕಿಗಳಿರುವುದು ಅವರ ಗಮನಕ್ಕೆ ಬಂತು. ಆ ಚುಕ್ಕಿಗಳು ಕೋಣೆಯಲ್ಲಿದ್ದವರಿಗೆಲ್ಲ ಹೊಸತೇನೂ ಆಗಿರಲಿಲ್ಲ. ಈ ಹುಡುಗ ಮಾತ್ರ ಒಂದು ಚೂರನ್ನು ತೆಗೆದುಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರ ಸೂಕ್ಷ್ಮದರ್ಶಕವನ್ನು ಬೇಡಿ ಪಡೆದು, ಪ್ರತಿಯೊಂದು ಚುಕ್ಕಿಯೊಳಗೂ ಸುರುಳಿ ಸುತ್ತಿಕೊಂಡ ಹುಳುವೊಂದು ಇರುವುದನ್ನು ಕಂಡುಹಿಡಿದ. ಇತರರಿಗೂ ಅವು ಕಂಡಿದ್ದವು, ನೋಡಿದವನು ನಾನೊಬ್ಬನೇ ಎಂಬರ್ಥದ ಮಾತನ್ನು ಮುಪ್ಪಿನಲ್ಲಿ ಅವರು ಬರೆದುಕೊಂಡಿದ್ದಾರೆ. ಕನ್ನಡ ಪಾಠ ಹೇಳುವ ನನಗೆ ಆ ಸಾಲು ತಟ್ಟಿತು, ಏಕೆಂದರೆ ಕಾಣುವುದನ್ನೂ ನೋಡುವುದನ್ನೂ ನಮ್ಮ ಭಾಷೆ ಮೊದಲಿನಿಂದಲೂ ಬೇರೆಬೇರೆಯಾಗಿಯೇ ಇಟ್ಟಿದೆ. ಕಾಣುವುದಕ್ಕೆ ಕಣ್ಣು ತೆರೆದಿದ್ದರೆ ಸಾಕು. ನೋಡುವುದು ಮಾಡಬೇಕಾದ ಕೆಲಸ.

ಅದೇ ಪ್ಯಾಜೆಟ್, ಅರುವತ್ತರ ವಯಸ್ಸಿನಲ್ಲಿ, 1874ರಲ್ಲಿ, ತಮ್ಮ ಆಸ್ಪತ್ರೆಯ ವಾರ್ಷಿಕ ವರದಿಯಲ್ಲಿ ಮೂರೇ ಪುಟಗಳ ಬರಹವೊಂದನ್ನು ಪ್ರಕಟಿಸಿದರು. ನಲವತ್ತರಿಂದ ಅರುವತ್ತು ಹಾಗೂ ಮೇಲ್ಪಟ್ಟ ವಯಸ್ಸಿನ ಸುಮಾರು ಹದಿನೈದು ಹೆಂಗಸರ ತೊಟ್ಟಿನಲ್ಲೂ ಅದರ ಸುತ್ತಲೂ ಬಂದ, ಇಸುಬಿನಂತೆ ಕಾಣುವ ಗಾಯವನ್ನು ಅದರಲ್ಲಿ ಬಣ್ಣಿಸಿದ್ದಾರೆ: ಕಡುಗೆಂಪಾದ, ಹಸಿಯಾದ, ಸಣ್ಣ ಸಣ್ಣ ಕಾಳುಗಳೆದ್ದಂಥ ಮೇಲ್ಮೈ, ಅದರಿಂದ ಸತತವಾಗಿ ಒಸರುವ ಅಂಟಾದ ಹಳದಿ ನೀರು, ತುರಿಕೆ ಮತ್ತು ಉರಿ. ಇಸುಬಿನ ಮಾಮೂಲು ಮದ್ದುಗಳು ಯಾವುವೂ ನಾಟಲಿಲ್ಲ ಎಂದೂ, ಆ ಹೆಂಗಸರೆಲ್ಲರಿಗೂ ಹೆಚ್ಚೆಂದರೆ ಎರಡು ವರ್ಷಗಳೊಳಗೆ, ಬಹಳಷ್ಟು ಮಂದಿಗೆ ಒಂದೇ ವರ್ಷದಲ್ಲಿ, ಅದೇ ಸ್ತನದೊಳಗೆ ಕ್ಯಾನ್ಸರ್ ಕಾಣಿಸಿಕೊಂಡಿತು ಎಂದೂ ಬರೆದಿದ್ದಾರೆ. ಇವಿಷ್ಟನ್ನು ಓದಿ ನಾನು ಪುಸ್ತಕ ಕೆಳಗಿಟ್ಟೆ. ಬಚ್ಚಲುಮನೆಯ ಬೆಳಕಿನಲ್ಲಿ ನಾನು ನೋಡಿದ್ದನ್ನು ನೂರೈವತ್ತು ವರ್ಷಗಳ ಹಿಂದೆ ಒಬ್ಬರು ಅಕ್ಷರ ಬಿಡದಂತೆ ಬರೆದಿಟ್ಟಿದ್ದರು. ಅವರಿಗೂ ಮೊದಲು ಫ್ರಾನ್ಸಿನ ಸರ್ಜನ್ ವೆಲ್ಪೋ ಇಂಥ ತೊಟ್ಟಿನ ಗಾಯಗಳನ್ನು ವರ್ಣಿಸಿದ್ದರು. ಒಳಗಿನ ಕ್ಯಾನ್ಸರಿಗೂ ಹೊರಗಿನ ಗಾಯಕ್ಕೂ ನಂಟು ಕಟ್ಟಿದವರು ಪ್ಯಾಜೆಟ್.

ಆ ನಂಟಿನ ದಿಕ್ಕನ್ನು ಮಾತ್ರ ಅವರು ತಿರುಗುಮುರುಗಾಗಿ ಹಿಡಿದಿದ್ದರು. ಚರ್ಮದ ಕೆರಳಿಕೆ ದೀರ್ಘಕಾಲ ಉಳಿದು ಒಳಗಿನ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟಿಸುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. 1889ರಲ್ಲಿ ಪ್ಯಾರಿಸ್ಸಿನ ದಾರಿಯೆ ಎಂಬ ಚರ್ಮತಜ್ಞರು ಆ ಗಾಯದ ಚೂರಿನಲ್ಲಿ ದೊಡ್ಡದಾದ, ಗುಂಡಗಿನ, ಪೇಲವ ಬಣ್ಣದ ಕೋಶಗಳನ್ನು ಕಂಡು, ಹೊರಗಿನಿಂದ ಹೊಕ್ಕ ಪರಾವಲಂಬಿ ಜೀವಿಗಳೆಂದು ತಿಳಿದರು. ಅವು ಯಾವ ಹುಳುವೂ ಅಲ್ಲ, ಕ್ಯಾನ್ಸರ್ ಕೋಶಗಳೇ ಎಂಬುದು ಬೇಗನೆ ತಿಳಿಯಿತು. 1904ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಅವರು ಆ ಕೋಶಗಳ ತವರು ಹಾಲಿನ ನಾಳ ಎಂಬ ವಾದವನ್ನು ಮುಂದಿಟ್ಟರು. ಹೊಟ್ಟೆಯೊಳಗೆ ಕೊಳವೆ ತೂರಿಸಿ ನೋಡುವ ವಿದ್ಯೆಯನ್ನು ಮನುಷ್ಯರಲ್ಲಿ ಬಳಕೆಗೆ ತಂದವರಲ್ಲೂ ಅವರೇ ಮೊದಲಿಗರು. ಒಳಗಿನದನ್ನು ನೋಡಬೇಕೆಂಬ ಹಟ ಅವರದು.

ಇಂದು ಬಹುಮಟ್ಟಿಗೆ ಒಪ್ಪಿರುವ ವಿವರಣೆಯೂ ಅದೇ. ಸ್ತನದೊಳಗಿನ ಹಾಲಿನ ನಾಳಗಳು ಬೇರೆಬೇರೆ ದಿಕ್ಕಿನಿಂದ ಬಂದು ತೊಟ್ಟಿನ ತುದಿಯಲ್ಲಿ ಸಣ್ಣ ಸಣ್ಣ ರಂಧ್ರಗಳಾಗಿ ತೆರೆದುಕೊಳ್ಳುತ್ತವೆ. ಒಳಗೆಲ್ಲೋ ನಾಳವೊಂದರ ಗೋಡೆಯಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶಗಳು ನಾಳದ ಒಳಪದರವನ್ನು ಹಿಡಿದು ಮೇಲಕ್ಕೆ ಸರಿಯುತ್ತ ಬಂದು, ರಂಧ್ರದ ಬಾಯಲ್ಲಿ ಚರ್ಮದ ಹೊರಪದರದೊಳಗೆ ನುಸುಳುತ್ತವೆ. ಹತ್ತರಲ್ಲಿ ಎಂಟು ರೋಗಿಗಳಲ್ಲಾದರೂ ಆ ಕೋಶಗಳ ಮೇಲೆ ಹರ್ 2 ಎಂಬ, ಹೊರಗಿನ ಸಂಕೇತಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನು ವಿಪರೀತವಾಗಿರುತ್ತದೆ. ಚರ್ಮದ ಸಹಜ ಕೋಶಗಳು ಸ್ರವಿಸುವ ಒಂದು ರಾಸಾಯನಿಕವು ಅದೇ ಗ್ರಾಹಕದ ಬಳಗದ ಮೂಲಕ ಅವನ್ನು ತನ್ನತ್ತ ಸೆಳೆಯುತ್ತದೆ ಎನ್ನುತ್ತಾರೆ. ಹಾಗೆ ನುಸುಳಿದ ಕೋಶಗಳು ಚರ್ಮದ ಹೆಣಿಗೆಯನ್ನು ಸಡಿಲಿಸುತ್ತವೆ. ನೀರು ಒಸರುತ್ತದೆ, ಹಕ್ಕಳೆ ಕಟ್ಟುತ್ತದೆ, ತುರಿಸುತ್ತದೆ. ಪ್ಯಾಜೆಟ್ ಕಾಯಿಲೆಯಿರುವ ಬಹುಪಾಲು ಹೆಂಗಸರಲ್ಲಿ ಒಳಗೆ ಇನ್ನೊಂದು ಕ್ಯಾನ್ಸರ್ ಇದ್ದೇ ಇರುತ್ತದೆ: ನಾಳದೊಳಗೇ ಉಳಿದಿರುವಂಥದ್ದು ಅಥವಾ ನಾಳದ ಗೋಡೆ ಒಡೆದು ಹೊರಬಂದದ್ದು. ತೊಟ್ಟಿನ ಗಾಯವೆಂದರೆ ಒಳಗಿನ ಸುದ್ದಿ ಹೊರಗೆ ಬರೆದುಕೊಂಡದ್ದು. ಆಳದಲ್ಲಿ ಅಡಗಿ ಕೂರುವ ಕಾಯಿಲೆಗಳ ನಡುವೆ ಇದೊಂದು ತಾನಾಗಿಯೇ ಕಣ್ಣಿಗೆ ಕಾಣುವ ಜಾಗಕ್ಕೆ ಬರುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಕಳೆದುಹೋದ ಆ ತಿಂಗಳುಗಳ ಸಂಕಟ ಹೊಸದಾಗುತ್ತದೆ.

ಎಂಟನೆಯ ದಿನ ವರದಿ ಬಂತು. ಪ್ಯಾಜೆಟ್ ಕೋಶಗಳಿವೆ, ಹರ್ 2 ಮೂರು ಪ್ಲಸ್, ಅಂದರೆ ಆ ಪ್ರೋಟೀನು ಅತಿ ಹೆಚ್ಚು. ಮ್ಯಾಮೊಗ್ರಾಮ್ ಮಾಡಿಸಿದಾಗ ಅದರಲ್ಲಿ ಏನೂ ಕಾಣಲಿಲ್ಲ. ಮನೆಯವರ ಮುಖಗಳೆಲ್ಲ ಅರಳಿದವು. ವರದಿ ತಪ್ಪಿರಬಹುದು ಎಂದು ದೊಡ್ಡಪ್ಪ ಎರಡು ಸಲ ಹೇಳಿದರು. ಮ್ಯಾಮೊಗ್ರಾಮ್ ಸರಿಯಿದ್ದ ಮಾತ್ರಕ್ಕೆ ಈ ಕಾಯಿಲೆಯಲ್ಲಿ ನಿಶ್ಚಿಂತೆಯಿಂದ ಇರುವಂತಿಲ್ಲ ಎಂದು ಸರ್ಜನ್ ತಾಳ್ಮೆಯಿಂದ ವಿವರಿಸಿ ಎಂಆರ್‌ಐ ಬರೆದರು. ಅದರಲ್ಲಿ ತೊಟ್ಟಿನ ಹಿಂದೆ ಸುಮಾರು ಮೂರು ಸೆಂಟಿಮೀಟರ್ ಉದ್ದಕ್ಕೆ ಕಾಯಿಲೆ ಹಬ್ಬಿರುವುದು ಕಂಡಿತು.

ಸರ್ಜನ್ ಎರಡು ದಾರಿಗಳನ್ನು ತೋರಿಸಿದರು. ತೊಟ್ಟು, ಅದರ ಸುತ್ತಲಿನ ಕಪ್ಪು, ಹಿಂದಿನ ರೋಗಪೀಡಿತ ಭಾಗ ಇಷ್ಟನ್ನು ತೆಗೆದು ಉಳಿದ ಸ್ತನವನ್ನು ಉಳಿಸಿಕೊಂಡು, ಆಮೇಲೆ ವಿಕಿರಣ ಚಿಕಿತ್ಸೆ ಪಡೆಯುವುದು ಒಂದು. ಪೂರ್ತಿ ಸ್ತನವನ್ನು ತೆಗೆಯುವುದು ಇನ್ನೊಂದು. ಹಿಂದೆ ಈ ಕಾಯಿಲೆಗೆ ಎರಡನೆಯದೊಂದೇ ದಾರಿ ಎಂದಿತ್ತು; ಒಳಗಿನ ಕಾಯಿಲೆ ಸಣ್ಣ ಜಾಗದಲ್ಲಿದ್ದರೆ ಮೊದಲನೆಯದೂ ಸುರಕ್ಷಿತ ಎಂಬುದು ಈಗ ಒಪ್ಪಿತವಾದ ವಿಚಾರ. ಕಾಗದದ ಮೇಲೆ ಆಯ್ಕೆ ದೊಡ್ಡಮ್ಮನದು. ಆದರೆ ವಿಕಿರಣ ಎಂದರೆ ಮೂರರಿಂದ ಐದು ವಾರ, ವಾರಕ್ಕೆ ಐದು ದಿನ, ಯಂತ್ರವಿರುವ ಊರಿನಲ್ಲಿ ಉಳಿಯಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹೊರಗೆ ಕಾಲುದಾರಿಯ ಪಕ್ಕದಲ್ಲಿ ಚೀಲಗಳ ಮೇಲೆ ತಲೆಯಿಟ್ಟು ಕಾಯುವ ಹಳ್ಳಿಗರನ್ನು ನೋಡಿದವರಿಗೆ ಆ ಐದು ವಾರಗಳ ಭಾರ ಗೊತ್ತು. ಮನೆಯಲ್ಲಿ ಎರಡು ಹಸು, ಮಂಡಿನೋವಿನ ದೊಡ್ಡಪ್ಪ, ಎದುರಿಗೆ ಮತ್ತೊಂದು ಕೊಯ್ಲು. "ಇಟ್ಕೊಂಡು ಯಾರಿಗೆ ಹಾಲು ಕೊಡ್ಬೇಕು ನಾನು, ತೆಗ್ದುಬಿಡ್ಲಿ" ಎಂದಳು. ಎಲ್ಲರೂ ಅದನ್ನು ಧೈರ್ಯ ಎಂದರು. ಧೈರ್ಯವಿತ್ತು, ನಿಜ. ನಮ್ಮ ಮನೆಯಿಂದ ವಿಕಿರಣ ಯಂತ್ರಕ್ಕೆ ಇರುವ ದೂರವೂ ಆ ಮಾತಿನಲ್ಲಿತ್ತು ಎಂಬುದನ್ನು ನಾನು ಮರೆಯಲು ಸಿದ್ಧಳಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಅವಳು ಮಲಗದೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಬಲಗೈಯನ್ನು ಸೆರಗಿನೊಳಗೆ ಎಡಗಡೆಗೆ ಇಟ್ಟುಕೊಂಡು.

ಕಂಕುಳಿನಲ್ಲಿ ಮೊದಲು ಎದುರಾಗುವ ದುಗ್ಧರಸ ಗ್ರಂಥಿಗಳನ್ನು ನೀಲಿ ಬಣ್ಣ ಹಾಯಿಸಿ ಗುರುತಿಸಿ ತೆಗೆದರು; ಅವು ಶುದ್ಧವಾಗಿದ್ದವು. ಸ್ತನದೊಳಗೆ ನಾಳಕ್ಕೆ ಸೀಮಿತವಾದ ಕ್ಯಾನ್ಸರಿನ ನಡುವೆ ಏಳು ಮಿಲಿಮೀಟರಿನ ಒಂದು ಜಾಗದಲ್ಲಿ ಮಾತ್ರ ಅದು ನಾಳದ ಗೋಡೆ ದಾಟಿತ್ತು. ಆ ಏಳು ಮಿಲಿಮೀಟರಿಗಾಗಿ ಹನ್ನೆರಡು ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ, ಜೊತೆಗೆ ಟ್ರಾಸ್ಟುಜುಮ್ಯಾಬ್, ಅದನ್ನು ಮುಂದೆ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ತುಂಬುವ ತನಕ. ಹರ್ 2 ಗ್ರಾಹಕವನ್ನೇ ಹುಡುಕಿ ಹಿಡಿಯುವ ಈ ಔಷಧಿಗೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಬಹಳ ವರ್ಷ ಅದರ ಬೆಲೆ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರ ಸಮಾನ ರೂಪವನ್ನು ಭಾರತದ ಮಾರುಕಟ್ಟೆಗೆ ತಂದ ಮೇಲೆ, ಬೇರೆ ಕಂಪನಿಗಳದೂ ಬಂದ ಮೇಲೆ, ಬೆಲೆ ಇಳಿಯುತ್ತ ಬಂತು. ಹೃದಯಕ್ಕೆ ತೊಂದರೆಯಾಗದಿರಲೆಂದು ಮೂರು ತಿಂಗಳಿಗೊಮ್ಮೆ ಎಕೊ ಮಾಡಿಸಬೇಕಿತ್ತು. ಪ್ಯಾಕ್ಲಿಟ್ಯಾಕ್ಸೆಲ್ ಕೂದಲನ್ನು ಕೊಂಡೊಯ್ದಿತು, ಅದಕ್ಕೆ ಅವಳು ಹೆಚ್ಚು ಕೊರಗಲಿಲ್ಲ. ಬೆರಳ ತುದಿಗಳು ಜೋಮು ಹಿಡಿದದ್ದು ಅವಳನ್ನು ಅಳಿಸಿತು. ವೀಳ್ಯದೆಲೆಯ ನಾರು ಬೆರಳಿಗೆ ಸಿಗುತ್ತಿರಲಿಲ್ಲ. ಎಲೆಯನ್ನು ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದಳು.

ಚಿಕಿತ್ಸೆ ಮುಗಿದು ಎರಡು ವರ್ಷವಾಗುತ್ತ ಬಂತು. ಆಸ್ಪತ್ರೆಯವರು ಸೂಚಿಸಿದ ಸಿಲಿಕೋನಿನ ಕೃತಕ ಸ್ತನ ಸೆಕೆಗೆ ಒಗ್ಗದೆ, ಹಳೆಯ ಮೆತ್ತನೆಯ ಸೀರೆಯ ಬಟ್ಟೆಯಲ್ಲಿ ತಾನೇ ಒಂದು ಚೀಲ ಹೊಲಿದುಕೊಂಡಿದ್ದಾಳೆ. ಹತ್ತಿಯ ನಡುವೆ, ತೂಕಕ್ಕೆಂದು, ಹಸುಗೂಸಿನ ದಿಂಬಿಗೆ ತುಂಬುವಂತೆ ಸಾಸಿವೆ ತುಂಬಿದ್ದಾಳೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾಳೆ. ಕಂಕುಳಲ್ಲೂ ಬೇರೆಲ್ಲೂ ಏನೂ ಕಂಡಿಲ್ಲ. ಗಂಟು ಕೈಗೆ ಸಿಗುವ ಮೊದಲೇ, ಗ್ರಂಥಿಗಳಿಗೆ ಹರಡುವ ಮೊದಲೇ ಸಿಕ್ಕ ಪ್ಯಾಜೆಟ್ ಕಾಯಿಲೆಯವರ ಮುಂದಿನ ದಿನಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಅವಳದು ಬಹುಶಃ ಆ ಗೆರೆಯ ಈಚೆಗೆ ನಿಂತಿತ್ತು.

2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಅದರಲ್ಲಿ ನೂರಕ್ಕೆ ಒಬ್ಬರು ಎಂದು ಹಿಡಿದರೂ ಎರಡು ಸಾವಿರದ ಹತ್ತಿರ ಹೆಂಗಸರಾಗುತ್ತಾರೆ. ಅಪರೂಪದ ಕಾಯಿಲೆ ಎಂದು ಬರೆಯುವಾಗಲೆಲ್ಲ ನನಗೆ ಆ ಎರಡು ಸಾವಿರ ಮಂದಿಯ ರವಿಕೆಗಳು ಕಣ್ಣಿಗೆ ಬರುತ್ತವೆ. ಶಿಬಿರದ ಆ ಹುಡುಗಿ ಗಂಟಿನ ಜೊತೆಗೆ ಇನ್ನೊಂದೇ ಪ್ರಶ್ನೆಯನ್ನು ಕೇಳಿದ್ದರೆ ಸಾಕಾಗಿತ್ತು: ತೊಟ್ಟಿನಲ್ಲಿ ವಾಸಿಯಾಗದ ಹುಣ್ಣೋ, ಸಿಪ್ಪೆಯೋ, ರಕ್ತವೋ ಇದೆಯೇ, ತೊಟ್ಟು ಹೊಸದಾಗಿ ಒಳಗೆ ಹೋಗಿದೆಯೇ ಎಂದು. ನಮ್ಮ ತಾಲ್ಲೂಕಿನ ಆರೋಗ್ಯ ಕಾರ್ಯಕರ್ತೆಯರಿಗೆ ಈ ಪ್ರಶ್ನೆಯನ್ನು ನಾನೇ ಹೋಗಿ ಹೇಳಿ ಬಂದಿದ್ದೇನೆ. ಅವರಲ್ಲಿ ಇಬ್ಬರು ಬರೆದುಕೊಂಡರು.

ಕಳೆದ ಯುಗಾದಿಯ ಹೊತ್ತಿಗೆ ದೊಡ್ಡಮ್ಮ ಫೋನು ಮಾಡಿದಳು. ಆಚೆಮನೆಯ ಸೊಸೆಗೆ ನಾಲ್ಕು ತಿಂಗಳ ಮಗುವಿದೆ. ಅವಳಿಗೆ ಮೊಲೆತೊಟ್ಟು ಬಿರಿದು ಉರಿಯುತ್ತಿದೆಯೆಂದು ಅವಳ ಅತ್ತೆ ಹೇಳಿದಾಗ ದೊಡ್ಡಮ್ಮ ಎದ್ದು ಹೋಗಿ, ಆ ಹುಡುಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ತಾನೇ ನೋಡಿದಳಂತೆ. ಎರಡೂ ಕಡೆ ಇತ್ತು, ಹಾಲೂಡಿಸುವವಳು ಬೇರೆ, ಆದರೂ ವೈದ್ಯರಿಗೆ ತೋರಿಸಿ ಬಾ ಎಂದು ಕಳಿಸಿದ್ದಾಳೆ. ಅವಳ ಬಾಯಲ್ಲಿ ಮೊಲೆತೊಟ್ಟು ಎಂಬ ಪದ ಅಡ್ಡಿಯಿಲ್ಲದೆ ಬಂದದ್ದನ್ನು ನಾನು ಗಮನಿಸಿದೆ. ಮೂರು ವಾರದ ನಂತರ ನಾನು ಊರಿಗೆ ಹೋದಾಗ ಆ ಹುಡುಗಿ ಮಗುವನ್ನು ಎತ್ತಿಕೊಂಡು ಬಂದು, ಎಲ್ಲ ವಾಸಿಯಾಯ್ತು ದೊಡ್ಡಮ್ಮ ಎಂದಳು. ಕವಳ ಮಡಿಸುತ್ತಿದ್ದ ಕೈ ನಿಲ್ಲಿಸಿ ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತ, "ಪೂರ್ತಿ ವಾಸಿಯಾಯ್ತಾ? ಬೆಳಕಲ್ಲಿ ನೋಡಿದ್ಯಾ?" ಎಂದು ಕೇಳಿದಳು.